ಮನೆಯವರೊಬ್ಬರ ದಸ್ತಗಿರಿಯಾದಾಗ: ಠಾಣೆಯಲ್ಲಿ ಯಾರನ್ನು, ಏನನ್ನು ಕೇಳಬೇಕು

ದಸ್ತಗಿರಿಯ ಸುದ್ದಿ ತಿಳಿದ ಮನೆಯವರು ಸಾಮಾನ್ಯವಾಗಿ ಠಾಣೆಗೆ ಧಾವಿಸಿ, ಬಾಗಿಲಲ್ಲಿ ಮೊದಲು ಸಿಕ್ಕ ಸಮವಸ್ತ್ರದವರ ಮುಂದೆ ಗೋಗರೆಯತೊಡಗುತ್ತಾರೆ. ಅವರು ಹೆಚ್ಚಾಗಿ ಪಾಳಿಯ ಮೇಲಿರುವ ಸೆಂಟ್ರಿ. ಲಾಕಪ್ಪಿನ ಮೇಲೆ ಕಣ್ಣಿಡುವುದು ಅವರ ಕೆಲಸವೇ ಹೊರತು, ಒಳಗಿರುವವರನ್ನು ಬಿಡುವ ಅಧಿಕಾರ ಅವರಿಗಿಲ್ಲ. ಅಲ್ಲಿಂದ ಇನ್ನೊಬ್ಬರ ಬಳಿಗೆ, ಅವರಿಂದ ಮತ್ತೊಬ್ಬರ ಬಳಿಗೆ, ಕೊನೆಗೆ ‘ಸಾಹೇಬರು ನನಗೆ ಗೊತ್ತು’ ಎನ್ನುವ ಹೊರಗಿನ ಮಧ್ಯವರ್ತಿಯ ಬಳಿಗೆ ಅಲೆಯುವುದರಲ್ಲಿ ಮೊದಲ ದಿನ ಕಳೆದುಹೋಗುತ್ತದೆ. ಆದರೆ ಆ ಮೊದಲ ದಿನದಲ್ಲಿ ಠಾಣೆಯಲ್ಲಿ ಬರೆಯಲಾಗುವ, ಅಥವಾ ಬರೆಯದೆ ಬಿಡಲಾಗುವ ಕಾಗದಗಳೇ ಮುಂದೆ ನ್ಯಾಯಾಲಯದಲ್ಲಿ ಮಾತನಾಡುತ್ತವೆ. ಆದ್ದರಿಂದ ಗೋಗರೆಯುವ ಹೊತ್ತನ್ನು ಕಾಗದಗಳನ್ನು ಕೇಳುವುದಕ್ಕೆ ಬಳಸುವುದು ಒಳ್ಳೆಯದು. ಯಾವ ಕಾಗದ ಯಾರ ಬಳಿ ಇರುತ್ತದೆ, ಯಾವ ತೀರ್ಮಾನ ಯಾರದು ಎಂಬುದನ್ನು ಕರ್ನಾಟಕದ ಠಾಣೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನದಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಒಂದು ಮಾತನ್ನು ಮೊದಲೇ ಹೇಳಬೇಕು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ, ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ ಜಾರಿಗೆ ಬಂದಿವೆ. ಹಳೆಯ ಕಲಂಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡಿರುವವರು ಠಾಣೆಯಲ್ಲಿಯೂ ಇದ್ದಾರೆ, ವಕೀಲರಲ್ಲಿಯೂ ಇದ್ದಾರೆ. ಯಾರಾದರೂ ‘ನಲವತ್ತೊಂದು ಎ ನೋಟಿಸ್’ ಎಂದರೆ ಅದು ಈಗಿನ ಸುರಕ್ಷಾ ಸಂಹಿತೆಯ 35(3)ನೇ ಕಲಮಿನ ನೋಟಿಸ್ ಎಂದು ತಿಳಿದರೆ ಸಾಕು, ಗಾಬರಿಪಡಬೇಕಾಗಿಲ್ಲ.

ಮೊದಲ ಹಂತ: ದಸ್ತಗಿರಿಯೋ, ವಿಚಾರಣೆಯೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ

‘ಸುಮ್ಮನೆ ವಿಚಾರಣೆಗೆ ಕರೆದುಕೊಂಡು ಬಂದಿದ್ದೇವೆ, ಕಳಿಸುತ್ತೇವೆ’ ಎಂಬ ಉತ್ತರ ಠಾಣೆಗಳಲ್ಲಿ ಬಹಳ ಸಾಮಾನ್ಯ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಕಾನೂನಿನ ಕಣ್ಣಿನಲ್ಲಿ ಸ್ಥಿತಿಗಳು ಎರಡೇ: ಆ ವ್ಯಕ್ತಿ ತನ್ನಿಷ್ಟದಂತೆ ಎದ್ದು ಹೊರಗೆ ಬರಬಹುದು, ಇಲ್ಲವೇ ಬರಲಾರ. ಬರಲಾರನಾದರೆ ಅವನ ಸ್ವಾತಂತ್ರ್ಯವನ್ನು ಕಸಿದುಕೊಳ್ಳಲಾಗಿದೆ, ಮತ್ತು ಅದಕ್ಕೆ ಒಂದು ಕಾಗದ, ಒಂದು ಕಾರಣ, ಒಂದು ಸಮಯ ಇರಲೇಬೇಕು. ಆದ್ದರಿಂದ ‘ಇವರನ್ನು ದಸ್ತಗಿರಿ ಮಾಡಲಾಗಿದೆಯೇ? ಹೌದಾದರೆ ಎಷ್ಟು ಗಂಟೆಗೆ?’ ಎಂಬ ಪ್ರಶ್ನೆಯನ್ನು ಶಾಂತವಾಗಿ, ಆದರೆ ತಪ್ಪದೆ ಕೇಳಬೇಕು. ಉತ್ತರ ಏನೇ ಬರಲಿ, ಆ ವ್ಯಕ್ತಿಯನ್ನು ಮನೆಯಿಂದಲೋ ಕೆಲಸದ ಸ್ಥಳದಿಂದಲೋ ಕರೆದೊಯ್ದ ಸಮಯ, ವಾಹನದ ಸಂಖ್ಯೆ, ಬಂದಿದ್ದವರ ಎದೆಯ ಮೇಲಿನ ಹೆಸರಿನ ಪಟ್ಟಿ, ಕಣ್ಣಾರೆ ಕಂಡವರು ಯಾರು ಎಂಬುದನ್ನು ಒಂದು ಪುಸ್ತಕದಲ್ಲಿ ಕೂಡಲೇ ಬರೆದಿಟ್ಟುಕೊಳ್ಳಬೇಕು. ಕಾಗದದಲ್ಲಿ ದಸ್ತಗಿರಿಯ ಸಮಯ ಮರುದಿನ ಮಧ್ಯಾಹ್ನ ಎಂದು ನಮೂದಾಗಿ, ವ್ಯಕ್ತಿಯನ್ನು ಕರೆದೊಯ್ದದ್ದು ಹಿಂದಿನ ರಾತ್ರಿ ಆಗಿದ್ದರೆ, ಆ ವ್ಯತ್ಯಾಸವನ್ನು ನ್ಯಾಯಾಧೀಶರ ಮುಂದೆ ಇಡಲು ಮನೆಯವರ ಈ ಟಿಪ್ಪಣಿಯೇ ಆಧಾರವಾಗುತ್ತದೆ.

ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಯಾಂತ್ರಿಕವಾಗಿ ದಸ್ತಗಿರಿ ಮಾಡುವಂತಿಲ್ಲ. ದಸ್ತಗಿರಿ ಏಕೆ ಅಗತ್ಯ ಎಂಬುದಕ್ಕೆ ಕಾರಣಗಳನ್ನು ಬರೆದಿಡಬೇಕು, ಅಗತ್ಯವಿಲ್ಲದಿದ್ದರೆ ಹಾಜರಾಗುವಂತೆ ನೋಟಿಸ್ ಕೊಡಬೇಕು. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ. ನೋಟಿಸ್ ಪಡೆದವರು ಅದರಂತೆ ನಡೆದುಕೊಳ್ಳುತ್ತಿರುವವರೆಗೆ, ಕಾರಣವನ್ನು ದಾಖಲಿಸದೆ ಅವರನ್ನು ದಸ್ತಗಿರಿ ಮಾಡಲಾಗದು. ಈ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಸರಿಯಾದ ಜಾರಿಯಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ಬಂದ ಸಂದೇಶವನ್ನು ಅಳಿಸಿ ಸುಮ್ಮನಿರುವುದು ಜಾಣತನವಲ್ಲ. ವಕೀಲರಿಗೆ ತೋರಿಸಿ, ಅವರ ಮೂಲಕ ಉತ್ತರ ಕೊಡಿಸುವುದು ಉತ್ತಮ. ಇನ್ನೂ ಒಂದು ರಕ್ಷಣೆ ಹೊಸ ಸಂಹಿತೆಯಲ್ಲಿದೆ: ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ, 60 ವರ್ಷ ಮೀರಿದವರನ್ನು ಅಥವಾ ಅಶಕ್ತರನ್ನು ದಸ್ತಗಿರಿ ಮಾಡಲು ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು.

ಮಹಿಳೆಯರ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿದೆ. ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಮಹಿಳೆಯನ್ನು ದಸ್ತಗಿರಿ ಮಾಡುವಂತಿಲ್ಲ. ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಪೊಲೀಸ್ ಅಧಿಕಾರಿ ಲಿಖಿತ ವರದಿ ಸಲ್ಲಿಸಿ ಮ್ಯಾಜಿಸ್ಟ್ರೇಟರ ಮುಂಚಿನ ಅನುಮತಿ ಪಡೆದಿರಬೇಕು. ಸಾಕ್ಷಿಯಾಗಿ ಹೇಳಿಕೆ ನೀಡುವುದಕ್ಕೂ ಮಹಿಳೆಯರನ್ನು, 15 ವರ್ಷದೊಳಗಿನ ಹುಡುಗರನ್ನು, 60 ವರ್ಷ ಮೀರಿದ ಪುರುಷರನ್ನು ಅವರು ವಾಸಿಸುವ ಸ್ಥಳ ಬಿಟ್ಟು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಇನ್ನು 18 ತುಂಬದ ಮಗುವಾದರೆ ಪ್ರಶ್ನೆಯೇ ಬೇರೆ: ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ಮಗುವನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ವಯಸ್ಸಿಗೆ ದಾಖಲೆಯಾಗಿ ಶಾಲೆಯ ಪ್ರಮಾಣಪತ್ರವನ್ನೋ ಜನನ ಪ್ರಮಾಣಪತ್ರವನ್ನೋ ಹಿಡಿದುಕೊಂಡೇ ಠಾಣೆಗೆ ಹೋಗಬೇಕು.

ಎರಡನೆಯ ಹಂತ: ಠಾಣೆಯೊಳಗೆ ಯಾರು ಏನು ಮಾಡುತ್ತಾರೆಂದು ತಿಳಿಯಿರಿ

ಠಾಣೆಯ ಹೊಣೆ ಹೊತ್ತವರು ಠಾಣಾಧಿಕಾರಿ. ಊರಿನ ಗಾತ್ರಕ್ಕೆ ತಕ್ಕಂತೆ ಅವರು ಪಿಎಸ್‌ಐ ಆಗಿರಬಹುದು, ಇನ್‌ಸ್ಪೆಕ್ಟರ್ ಆಗಿರಬಹುದು. ಪ್ರಕರಣವನ್ನು ನಡೆಸುವವರು ತನಿಖಾಧಿಕಾರಿ. ಅನೇಕ ಪ್ರಕರಣಗಳಲ್ಲಿ ಇಬ್ಬರೂ ಒಬ್ಬರೇ, ಆದರೆ ಯಾವಾಗಲೂ ಅಲ್ಲ. ನಿಮಗೆ ಬೇಕಾಗಿರುವ ಮೊದಲ ಹೆಸರು ತನಿಖಾಧಿಕಾರಿಯದು. ಯಾವ ಕಲಂ ಹಾಕಲಾಗಿದೆ, ಯಾವ ನ್ಯಾಯಾಲಯಕ್ಕೆ ಯಾವಾಗ ಕರೆದೊಯ್ಯುತ್ತಾರೆ, ಪೊಲೀಸ್ ಕಸ್ಟಡಿ ಕೇಳುವ ಉದ್ದೇಶವಿದೆಯೇ ಎಂಬುದನ್ನು ಖಚಿತವಾಗಿ ಹೇಳಬಲ್ಲವರು ಅವರೇ.

ಅವರಿಗಿಂತ ಕೆಳಗಿನ ಮಟ್ಟದಲ್ಲಿ, ಆದರೆ ಮನೆಯವರಿಗೆ ಅತ್ಯಂತ ಉಪಯುಕ್ತರಾಗಿ ಇರುವವರು ಠಾಣಾ ಬರಹಗಾರರು, ಅಂದರೆ ಸ್ಟೇಷನ್ ರೈಟರ್. ಎಫ್‌ಐಆರ್‌ನ ಪ್ರತಿ, ಠಾಣಾ ದಿನಚರಿಯ ನಮೂದು, ನ್ಯಾಯಾಲಯಕ್ಕೆ ಹೋಗುವ ಕಡತ ಎಲ್ಲವೂ ಅವರ ಮೇಜಿನ ಮೇಲಿಂದಲೇ ಹಾದುಹೋಗುತ್ತವೆ. ನ್ಯಾಯಾಲಯದ ಕೆಲಸಕ್ಕೆಂದೇ ನಿಯೋಜಿತರಾದ ಸಿಬ್ಬಂದಿ ಇನ್ನೊಬ್ಬರಿರುತ್ತಾರೆ. ಹಾಜರುಪಡಿಸುವ ದಿನ ಆರೋಪಿಯನ್ನು ಯಾವ ಕೋರ್ಟ್ ಹಾಲಿಗೆ ಕರೆತರುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಇವರೊಡನೆ ಮರ್ಯಾದೆಯಿಂದ, ಚಿಕ್ಕದಾಗಿ, ಒಂದೊಂದೇ ಪ್ರಶ್ನೆಯಾಗಿ ಮಾತನಾಡಿದರೆ ಉತ್ತರ ಸಿಗುವ ಸಂಭವ ಹೆಚ್ಚು. ಹತ್ತು ಜನ ಒಟ್ಟಾಗಿ ಹೋಗಿ ಗದ್ದಲ ಮಾಡಿದರೆ ಕರ್ತವ್ಯಕ್ಕೆ ಅಡ್ಡಿಪಡಿಸಿದ ಇನ್ನೊಂದು ಪ್ರಕರಣ ಮೈಮೇಲೆ ಬೀಳಬಹುದು. ಠಾಣೆಗೆ ಇಬ್ಬರು ಹೋದರೆ ಸಾಕು: ಒಬ್ಬರು ಮಾತನಾಡಲು, ಒಬ್ಬರು ಬರೆದುಕೊಳ್ಳಲು.

ಠಾಣೆಯ ಮೇಲಿನ ಸಾಲನ್ನೂ ತಿಳಿದಿರಬೇಕು. ಜಿಲ್ಲೆಗಳಲ್ಲಿ ಠಾಣೆಯ ಮೇಲೆ ವೃತ್ತ ನಿರೀಕ್ಷಕರು, ಉಪವಿಭಾಗದ ಡಿವೈಎಸ್‌ಪಿ, ಅವರ ಮೇಲೆ ಜಿಲ್ಲಾ ಎಸ್‌ಪಿ ಇರುತ್ತಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ನಗರಗಳಲ್ಲಿ ಕಮಿಷನರೇಟ್ ವ್ಯವಸ್ಥೆ ಇರುವುದರಿಂದ ಎಸಿಪಿ, ಡಿಸಿಪಿ, ಪೊಲೀಸ್ ಆಯುಕ್ತರು ಎಂಬ ಕ್ರಮ ಅಲ್ಲಿಯದು. ಠಾಣೆಯಲ್ಲಿ ಮಾಹಿತಿಯನ್ನೇ ಕೊಡದಿದ್ದಾಗ ಮುಂದಿನ ಮೆಟ್ಟಿಲು ಡಿವೈಎಸ್‌ಪಿ ಅಥವಾ ಎಸಿಪಿ ಕಚೇರಿಯೇ ಹೊರತು ಸ್ಥಳೀಯ ಮುಖಂಡರ ಮನೆಯಲ್ಲ.

ವ್ಯಕ್ತಿ ಯಾವ ಠಾಣೆಯಲ್ಲಿದ್ದಾನೆಂದೇ ತಿಳಿಯದಿದ್ದರೆ ಏನು ಮಾಡಬೇಕು? ಸುರಕ್ಷಾ ಸಂಹಿತೆಯ 37ನೇ ಕಲಮಿನ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ ಪ್ರತಿ ಠಾಣೆಯಲ್ಲಿಯೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿಯನ್ನು ನೇಮಿಸಿರಬೇಕು. ದಸ್ತಗಿರಿಯಾದವರ ಹೆಸರು, ವಿಳಾಸ, ಆರೋಪದ ಸ್ವರೂಪ ಇವರ ಬಳಿ ಇರಬೇಕು, ಮತ್ತು ಆ ಮಾಹಿತಿಯನ್ನು ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಆದ್ದರಿಂದ ‘ನಮಗೆ ಗೊತ್ತಿಲ್ಲ’ ಎಂಬ ಉತ್ತರ ಕಾನೂನಿನ ಉತ್ತರವಲ್ಲ. ಎಸ್‌ಪಿ ಅಥವಾ ಆಯುಕ್ತರ ಕಚೇರಿಯ ನಿಯಂತ್ರಣ ಕೊಠಡಿಗೆ ಕರೆ ಮಾಡಿ, ಕರೆ ಮಾಡಿದ ಸಮಯವನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಎಲ್ಲ ಬಾಗಿಲುಗಳೂ ಮುಚ್ಚಿದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟಿರುವ ವ್ಯಕ್ತಿಯನ್ನು ಕೋರ್ಟಿನ ಮುಂದೆ ತರಿಸುವಂತೆ ಕೋರುವ ಅರ್ಜಿ ಸಲ್ಲಿಸಬಹುದು. ಕರ್ನಾಟಕ ಹೈಕೋರ್ಟಿಗೆ ಬೆಂಗಳೂರಿನಲ್ಲದೆ ಧಾರವಾಡ ಮತ್ತು ಕಲಬುರಗಿಯಲ್ಲಿಯೂ ಪೀಠಗಳಿವೆ.

ಮೂರನೆಯ ಹಂತ: ಕಾಗದಗಳನ್ನು ಕೇಳಿ ಪಡೆಯಿರಿ

ಇಲ್ಲಿ ಅವಸರ ಮಾಡಬಾರದು, ಏಕೆಂದರೆ ಇಡೀ ಲೇಖನದ ತಿರುಳು ಇದೇ.

ಮೊದಲನೆಯದು ಎಫ್‌ಐಆರ್, ನಮ್ಮ ಠಾಣೆಗಳ ನಮೂನೆಯಲ್ಲಿ ‘ಪ್ರಥಮ ವರ್ತಮಾನ ವರದಿ’. ಅದರಲ್ಲಿರುವ ಅಪರಾಧ ಸಂಖ್ಯೆ ಮತ್ತು ವರ್ಷವನ್ನು ಮೊದಲು ಬರೆದುಕೊಳ್ಳಿ. ಕೆಲವೆಡೆ ಇದನ್ನೇ ಗುನ್ನೆ ನಂಬರ್ ಎನ್ನುತ್ತಾರೆ. ವಕೀಲರು, ನ್ಯಾಯಾಲಯದ ಕಚೇರಿ, ಜೈಲು, ಯಾರನ್ನು ಕೇಳಿದರೂ ಅವರು ಮೊದಲು ಕೇಳುವುದು ಈ ಸಂಖ್ಯೆಯನ್ನೇ. ಠಾಣೆಯಲ್ಲಿ ಪ್ರತಿ ಕೊಡಲು ಹಿಂದೇಟು ಹಾಕಿದರೆ ಇಲಾಖೆಯ ಜಾಲತಾಣದಲ್ಲಿ ಹುಡುಕಬಹುದು: ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ಜಾಲತಾಣಕ್ಕೆ ಏರಿಸಬೇಕೆಂದು 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ಇದರಿಂದ ವಿನಾಯಿತಿಯಿದೆ. ಅಂಥ ಪ್ರಕರಣಗಳಲ್ಲಿ ವಕೀಲರು ನ್ಯಾಯಾಲಯದ ಮೂಲಕವೇ ಪ್ರತಿ ಪಡೆಯಬೇಕಾಗುತ್ತದೆ.

ಎಫ್‌ಐಆರ್ ಓದುವಾಗ ಎಲ್ಲರ ಕಣ್ಣೂ ಆರೋಪದ ಕಥೆಯ ಮೇಲೆ ಓಡುತ್ತದೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಕಲಂಗಳ ಸಾಲನ್ನು. ಆ ಕಲಂಗಳು ಜಾಮೀನು ನೀಡಬಹುದಾದವೋ ಅಲ್ಲವೋ, ಗರಿಷ್ಠ ಶಿಕ್ಷೆ ಎಷ್ಟು ಎಂಬ ಎರಡು ಉತ್ತರಗಳ ಮೇಲೆ ಮುಂದಿನ ಹೆಜ್ಜೆಗಳೆಲ್ಲ ನಿಂತಿರುತ್ತವೆ.

ಎರಡನೆಯದು ದಸ್ತಗಿರಿ ಪಂಚನಾಮೆ, ಅಂದರೆ ಅರೆಸ್ಟ್ ಮೆಮೊ. 36ನೇ ಕಲಮಿನ ಪ್ರಕಾರ ದಸ್ತಗಿರಿ ಮಾಡುವ ಪ್ರತಿ ಅಧಿಕಾರಿಯೂ ಓದಲು ಬರುವಂಥ ಹೆಸರಿನ ಗುರುತನ್ನು ಧರಿಸಿರಬೇಕು. ಪಂಚನಾಮೆಗೆ ಮನೆಯವರಾಗಲಿ ಆ ಪ್ರದೇಶದ ಗೌರವಾನ್ವಿತ ವ್ಯಕ್ತಿಯಾಗಲಿ ಒಬ್ಬ ಸಾಕ್ಷಿ ಸಹಿ ಹಾಕಿರಬೇಕು, ದಸ್ತಗಿರಿಯಾದವನ ಸಹಿಯೂ ಇರಬೇಕು. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಮಾರ್ಗಸೂಚಿಗಳೇ ಮುಂದೆ ಹೀಗೆ ಕಾನೂನಿನ ರೂಪ ಪಡೆದವು. ಮನೆಯವರು ಸಾಕ್ಷಿಯಾಗಿ ಸಹಿ ಹಾಕುವ ಸಂದರ್ಭ ಬಂದರೆ ಅದರಲ್ಲಿ ನಮೂದಾಗಿರುವ ಸಮಯ ಮತ್ತು ಸ್ಥಳವನ್ನು ಓದಿಯೇ ಹಾಕಬೇಕು. ತಪ್ಪಿದ್ದರೆ, ಸಹಿಯ ಪಕ್ಕದಲ್ಲಿ ಸರಿಯಾದ ಸಮಯವನ್ನು ನಿಮ್ಮ ಕೈಬರಹದಲ್ಲಿಯೇ ಬರೆಯಬಹುದು. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಬೇಡ.

ಮೂರನೆಯದು ದಸ್ತಗಿರಿಯ ಆಧಾರಗಳನ್ನು ತಿಳಿಸುವ ಲಿಖಿತ ಪತ್ರ. ಇದನ್ನು ಹಲವರು ಅರೆಸ್ಟ್ ಮೆಮೊ ಎಂದೇ ಭಾವಿಸಿ ಬಿಟ್ಟುಬಿಡುತ್ತಾರೆ, ಎರಡೂ ಬೇರೆ. ಸಂವಿಧಾನದ 22(1)ನೇ ವಿಧಿ ದಸ್ತಗಿರಿಯಾದವನಿಗೆ ಕಾರಣ ತಿಳಿಯುವ ಹಕ್ಕು ಕೊಟ್ಟಿದೆ. ಆ ಕಾರಣಗಳನ್ನು ಬರವಣಿಗೆಯಲ್ಲಿ, ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ಕೂಡಲೇ ಸಾಧ್ಯವಾಗದಿದ್ದರೂ ರಿಮ್ಯಾಂಡಿಗೆ (ವಶದಲ್ಲಿ ಮುಂದುವರಿಸಲು ಮ್ಯಾಜಿಸ್ಟ್ರೇಟರ ಆದೇಶ ಪಡೆಯಲು) ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಟ್ಟಿರಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಬಗೆಯ ಅಪರಾಧಗಳಿಗೂ ಅನ್ವಯಿಸಿ ಹೇಳಿದೆ. ಕನ್ನಡ ಮಾತ್ರ ಬಲ್ಲವನಿಗೆ ಇಂಗ್ಲಿಷಿನ ಹಾಳೆ ಕೊಟ್ಟು ಸಹಿ ಪಡೆದರೆ ಅದು ತಿಳಿಸಿದಂತೆ ಆಗುವುದಿಲ್ಲ. ವಕೀಲರಿಗೆ ಮೊದಲು ತೋರಿಸಬೇಕಾದ ಕಾಗದ ಇದೇ.

ನಾಲ್ಕನೆಯದು ದೇಹ ಶೋಧನೆಯಲ್ಲಿ ಪಡೆದ ವಸ್ತುಗಳ ರಸೀದಿ. ಮೊಬೈಲು, ಹಣ, ಉಂಗುರ, ವಾಹನದ ಕೀಲಿ ಯಾವುದನ್ನು ತೆಗೆದುಕೊಂಡರೂ ಪಟ್ಟಿ ಮಾಡಿ ರಸೀದಿ ಕೊಡಬೇಕು. ಮನೆಯಲ್ಲಿಯೋ ಅಂಗಡಿಯಲ್ಲಿಯೋ ಶೋಧ ನಡೆದು ಜಪ್ತಿಯಾಗಿದ್ದರೆ, ಆ ಪ್ರಕ್ರಿಯೆಯನ್ನೂ ವಸ್ತುಗಳ ಪಟ್ಟಿ ಮಾಡುವುದನ್ನೂ ಧ್ವನಿ-ದೃಶ್ಯ ಮುದ್ರಣ ಮಾಡಬೇಕೆಂದು 105ನೇ ಕಲಂ ಹೇಳುತ್ತದೆ. ಜಪ್ತಿ ಮಹಜರಿನಲ್ಲಿ ಮೊಬೈಲಿನ ಮಾದರಿ, ಐಎಂಇಐ ಸಂಖ್ಯೆ ನಮೂದಾಗಿದೆಯೇ ನೋಡಿ. ಅದಿಲ್ಲದೆ ಮುಂದೆ ಮುದ್ದೆಮಾಲನ್ನು, ಅಂದರೆ ಜಪ್ತಿಯಾದ ವಸ್ತುಗಳನ್ನು, ನ್ಯಾಯಾಲಯದಿಂದ ಬಿಡಿಸಿಕೊಳ್ಳುವಾಗ ತೊಡಕಾಗುತ್ತದೆ.

ಕೊನೆಯದು ವೈದ್ಯಕೀಯ ಪರೀಕ್ಷೆಯ ವರದಿ. ದಸ್ತಗಿರಿಯಾದ ಬಳಿಕ ಸರ್ಕಾರಿ ವೈದ್ಯರಿಂದ ಪರೀಕ್ಷೆಯಾಗಬೇಕು, ಗಾಯಗಳಿದ್ದರೆ ಅವು ಮತ್ತು ಅವುಗಳಾದ ಅಂದಾಜು ಸಮಯ ವರದಿಯಲ್ಲಿರಬೇಕು, ಅದರ ಪ್ರತಿಯನ್ನು ದಸ್ತಗಿರಿಯಾದವನಿಗೋ ಅವನು ಹೆಸರಿಸಿದವರಿಗೋ ಕೊಡಬೇಕು. ಮನೆಯವರು ಇಲ್ಲಿ ಮಾಡಬಹುದಾದ ಮುಖ್ಯ ಕೆಲಸವೊಂದಿದೆ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗ, ಮಾನಸಿಕ ಚಿಕಿತ್ಸೆ ಇತ್ಯಾದಿ ಏನಿದ್ದರೂ ವೈದ್ಯರ ಚೀಟಿಯ ಪ್ರತಿಯೊಡನೆ ಒಂದು ಚಿಕ್ಕ ಅರ್ಜಿ ಬರೆದು ಠಾಣಾಧಿಕಾರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಮತ್ತು ಮೊಹರು ಪಡೆಯಬೇಕು. ವಶದಲ್ಲಿರುವವರ ಆರೋಗ್ಯ ಮತ್ತು ಸುರಕ್ಷತೆಯ ಹೊಣೆ ವಶದಲ್ಲಿಟ್ಟುಕೊಂಡವರದೇ ಎಂದು ಕಾನೂನು ಹೇಳುತ್ತದೆಯಾದರೂ, ತಿಳಿಸಿಯೇ ಇರಲಿಲ್ಲ ಎಂಬ ಮಾತಿಗೆ ಎಡೆ ಕೊಡಬಾರದು.

ನಾಲ್ಕನೆಯ ಹಂತ: ಒಳಗಿರುವವರು ಏನು ಹೇಳಬೇಕು, ಏನು ಹೇಳಬೇಕಾಗಿಲ್ಲ

ವಿಚಾರಣೆಯ ವೇಳೆ ತನ್ನಿಷ್ಟದ ವಕೀಲರನ್ನು ಭೇಟಿಯಾಗುವ ಹಕ್ಕು ಆರೋಪಿಗಿದೆ. ವಿಚಾರಣೆ ನಡೆಯುವಷ್ಟು ಹೊತ್ತೂ ವಕೀಲರು ಪಕ್ಕದಲ್ಲಿಯೇ ಕೂರುವ ಹಕ್ಕಲ್ಲ ಅದು. ಹೆಸರು, ವಿಳಾಸ ಮುಂತಾದ ಗುರುತಿನ ವಿವರಗಳನ್ನು ಮುಚ್ಚಿಡುವುದರಿಂದ ತೊಂದರೆಯೇ ಹೆಚ್ಚು. ಆದರೆ ತನ್ನನ್ನೇ ಅಪರಾಧದಲ್ಲಿ ಸಿಲುಕಿಸುವ ಪ್ರಶ್ನೆಗಳಿಗೆ ಉತ್ತರಿಸುವಂತೆ ಯಾರೂ ಬಲವಂತ ಮಾಡುವಂತಿಲ್ಲ ಎಂಬುದು ಸಂವಿಧಾನದ 20(3)ನೇ ವಿಧಿಯ ರಕ್ಷಣೆ. ‘ವಕೀಲರ ಜೊತೆ ಮಾತನಾಡಿದ ಮೇಲೆ ಹೇಳುತ್ತೇನೆ’ ಎಂಬ ಒಂದೇ ವಾಕ್ಯ ಸಾಕು. ಸುಳ್ಳು ಕಥೆ ಕಟ್ಟುವುದಕ್ಕಿಂತ ಮೌನ ಎಷ್ಟೋ ಮೇಲು.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಾಗಾದರೆ ಏನು ಹೇಳಿದರೂ ನಡೆಯುತ್ತದೆ ಎಂದುಕೊಂಡವರು ಮೋಸಹೋಗುತ್ತಾರೆ. ಆ ಮಾತಿನ ಜಾಡು ಹಿಡಿದು ಯಾವುದಾದರೂ ವಸ್ತು ಪತ್ತೆಯಾದರೆ, ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಎಷ್ಟೋ ಪ್ರಕರಣಗಳು ನಿಲ್ಲುವುದು ಈ ಒಂದು ಎಳೆಯ ಮೇಲೆಯೇ. ತನಿಖೆಯ ವೇಳೆ ಪೊಲೀಸರು ಬರೆದುಕೊಂಡ ಸಾಕ್ಷಿಯ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ ಎಂಬುದನ್ನೂ ಮನೆಯವರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಸಾಕ್ಷಿಗಳಾಗಿ ಅವರನ್ನೂ ಪ್ರಶ್ನಿಸಬಹುದು.

ಬೆರಳಚ್ಚು, ಛಾಯಾಚಿತ್ರ, ಕಣ್ಣಿನ ಪಾಪೆಯ ಅಳತೆ ಇತ್ಯಾದಿಗಳನ್ನು ದಸ್ತಗಿರಿಯಾದವರಿಂದ ಪಡೆಯಲು 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಅವಕಾಶ ಕೊಟ್ಟಿದೆ. ಈ ದಾಖಲೆಗಳನ್ನು 75 ವರ್ಷ ಇಟ್ಟುಕೊಳ್ಳಬಹುದು. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ಖುಲಾಸೆಯಾದರೆ, ನ್ಯಾಯಾಲಯ ಬೇರೆ ರೀತಿ ಆದೇಶಿಸದ ಹೊರತು, ಅವುಗಳನ್ನು ನಾಶಪಡಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಖುಲಾಸೆಯ ಸಂಭ್ರಮದಲ್ಲಿ ಇದಕ್ಕಾಗಿ ಅರ್ಜಿ ಹಾಕುವುದನ್ನು ಹೆಚ್ಚಿನವರು ಮರೆಯುತ್ತಾರೆ.

ಐದನೆಯ ಹಂತ: ಇಪ್ಪತ್ತನಾಲ್ಕು ಗಂಟೆ ಮತ್ತು ಮ್ಯಾಜಿಸ್ಟ್ರೇಟರ ಮುಂದಿನ ಹತ್ತು ನಿಮಿಷ

ದಸ್ತಗಿರಿಯಾದ ಸ್ಥಳದಿಂದ ನ್ಯಾಯಾಲಯಕ್ಕೆ ತಲುಪುವ ಪ್ರಯಾಣದ ಸಮಯವನ್ನು ಬಿಟ್ಟು, 24 ಗಂಟೆಯೊಳಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಭಾನುವಾರ, ಹಬ್ಬ, ಕೋರ್ಟಿನ ರಜೆ ಯಾವುದೂ ಇದಕ್ಕೆ ನೆಪವಲ್ಲ. ರಜಾ ದಿನಗಳಲ್ಲಿ ನ್ಯಾಯಾಧೀಶರ ಮನೆಗೇ ಕರೆದೊಯ್ಯುವುದುಂಟು. ಆದ್ದರಿಂದ ಶನಿವಾರ ಸಂಜೆಯ ದಸ್ತಗಿರಿಯಾದರೆ ‘ಸೋಮವಾರ ಕೋರ್ಟಿಗೆ’ ಎಂಬ ಮಾತನ್ನು ಒಪ್ಪಬೇಕಾಗಿಲ್ಲ. ಮುಂಜಾಗ್ರತಾ ಬಂಧನದ ಕಾಯ್ದೆಗಳಡಿ ಹಿಡಿದಿದ್ದರೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಅದರ ದಾರಿಯೇ ಬೇರೆ.

ವಕೀಲರನ್ನು ಇಡಲು ಶಕ್ತಿಯಿಲ್ಲದವರು ಈ ಹೊತ್ತಿಗಾಗಲೇ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಿರಬೇಕು. ವಶದಲ್ಲಿರುವ ವ್ಯಕ್ತಿ, ಮಹಿಳೆ, ಮಗು, ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರು, ಇವರಲ್ಲಿ ಯಾರೇ ಆಗಲಿ ಆದಾಯದ ಲೆಕ್ಕವಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು ಎಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100. ಉಚಿತ ಎಂದರೆ ಕಳಪೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮೊದಲ ರಿಮ್ಯಾಂಡಿನ ದಿನ ಮಾತ್ರ, ಮರುದಿನ ಬರಲಿರುವ ದುಬಾರಿ ವಕೀಲರಿಗಿಂತ ಅಂದೇ ಪಕ್ಕದಲ್ಲಿ ನಿಲ್ಲುವ ಪ್ರಾಧಿಕಾರದ ವಕೀಲರೇ ಹೆಚ್ಚು ಬೆಲೆಯುಳ್ಳವರು.

ಮ್ಯಾಜಿಸ್ಟ್ರೇಟರ ಮುಂದೆ ಸಿಗುವ ಸಮಯ ಕಡಿಮೆ. ‘ಏನಾದರೂ ಹೇಳುವುದಿದೆಯೇ? ಪೊಲೀಸರಿಂದ ತೊಂದರೆಯಾಗಿದೆಯೇ?’ ಎಂದು ಕೇಳಿದಾಗ ಹೆದರಿಕೆಯಿಂದ ‘ಇಲ್ಲ’ ಎಂದರೆ, ಆ ‘ಇಲ್ಲ’ ಆದೇಶದಲ್ಲಿ ದಾಖಲಾಗುತ್ತದೆ. ಆಮೇಲೆ ಹೊಡೆದಿದ್ದರು ಎಂದರೆ ನಂಬಿಸುವುದು ಕಷ್ಟ. ಕರೆದೊಯ್ದ ನಿಜವಾದ ಸಮಯ, ಗಾಯ, ಕಾಯಿಲೆ, ಲಿಖಿತ ಆಧಾರ ಸಿಗದಿರುವುದು, ವಕೀಲರ ಭೇಟಿಗೆ ಬಿಡದಿರುವುದು ಇವುಗಳಲ್ಲಿ ಯಾವುದಿದ್ದರೂ ಹೇಳುವ ಜಾಗ ಅದೇ.

ನ್ಯಾಯಾಧೀಶರು ಆ ದಿನ ಜಾಮೀನು ನೀಡಬಹುದು, ಪೊಲೀಸ್ ಕಸ್ಟಡಿಗೆ ಒಪ್ಪಿಸಬಹುದು ಅಥವಾ ನ್ಯಾಯಾಂಗ ಬಂಧನಕ್ಕೆ ಕಳಿಸಬಹುದು. ಪೊಲೀಸ್ ಕಸ್ಟಡಿಯೆಂದರೆ ವ್ಯಕ್ತಿ ಮತ್ತೆ ಠಾಣೆಗೇ ಮರಳುತ್ತಾನೆ. ನ್ಯಾಯಾಂಗ ಬಂಧನವೆಂದರೆ ಜೈಲು, ಅಲ್ಲಿಂದ ಮುಂದೆ ಠಾಣೆಯವರ ನೇರ ಹಿಡಿತ ಇರುವುದಿಲ್ಲ. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಆದರೆ ಹಿಂದೆ ಮೊದಲ 15 ದಿನಗಳೊಳಗೇ ಮುಗಿಯಬೇಕಿದ್ದ ಆ ಅವಧಿಯನ್ನು ಹೊಸ ಸಂಹಿತೆಯ 187ನೇ ಕಲಮಿನಡಿ ಬಿಡಿಬಿಡಿಯಾಗಿ, ಪ್ರಕರಣದ ಸ್ವರೂಪಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನಗಳಲ್ಲಿ ಯಾವಾಗ ಬೇಕಾದರೂ ಕೇಳಬಹುದಾಗಿದೆ. ಜೈಲಿಗೆ ಹೋದ ಮೇಲೂ ಮತ್ತೆ ಠಾಣೆಗೆ ಕರೆತರುವ ಸಾಧ್ಯತೆ ಇದೆ ಎಂದು ಇದರರ್ಥ. ನನ್ನ ದೃಷ್ಟಿಯಲ್ಲಿ ಆರೋಪಿಗಳ ಪಾಲಿಗೆ ಹೊಸ ಕಾನೂನಿನ ಅತ್ಯಂತ ಭಾರವಾದ ಬದಲಾವಣೆ ಇದೇ.

ಆರನೆಯ ಹಂತ: ಜಾಮೀನು ಯಾರಿಂದ, ಯಾವಾಗ

ಜಾಮೀನು ನೀಡಬಹುದಾದ ಅಪರಾಧವಾಗಿದ್ದರೆ ಜಾಮೀನು ಹಕ್ಕು, ಕೃಪೆಯಲ್ಲ. ಠಾಣಾಧಿಕಾರಿಯೇ ಬಿಡುಗಡೆ ಮಾಡಬೇಕು, ಅದಕ್ಕೆ ಯಾರ ಶಿಫಾರಸೂ ಬೇಡ. ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವರನ್ನು ನಿರ್ಗತಿಕರೆಂದು ಪರಿಗಣಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಜಾಮೀನು ರಹಿತ ಅಪರಾಧವಾದರೆ ತೀರ್ಮಾನ ನ್ಯಾಯಾಲಯದ್ದು. ಠಾಣೆಯಲ್ಲಿ ‘ಬಿಡಿಸುತ್ತೇವೆ’ ಎಂದು ಹಣ ಕೇಳುವವರು ತಮ್ಮ ಬಳಿ ಇಲ್ಲದ ಅಧಿಕಾರವನ್ನು ಮಾರುತ್ತಿದ್ದಾರೆ. ಹಾಗೆ ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬಹುದು.

ಜಾಮೀನು ಆದೇಶವಾದ ದಿನವೇ ಬಿಡುಗಡೆಯಾಗದೆ ಉಳಿಯುವುದಕ್ಕೆ ಸಾಮಾನ್ಯ ಕಾರಣ, ಜಾಮೀನುದಾರರ ಕಾಗದಗಳು ಸಿದ್ಧವಿಲ್ಲದಿರುವುದು. ಪಹಣಿ ಅಥವಾ ಮನೆಯ ಕಂದಾಯದ ರಸೀದಿ, ಆಧಾರ್, ಭಾವಚಿತ್ರ ಇವನ್ನು ಅರ್ಜಿ ಹಾಕಿದ ದಿನವೇ ಒಟ್ಟುಮಾಡಿಡಬೇಕು.

ದೋಷಾರೋಪಣ ಪಟ್ಟಿ ಸಲ್ಲಿಸಲು ಪೊಲೀಸರಿಗೆ ಗಡುವಿದೆ ಎಂಬುದು ಇನ್ನೊಂದು ಮುಖ್ಯ ಸಂಗತಿ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನ. ಕೆಲವು ವಿಶೇಷ ಕಾಯ್ದೆಗಳಲ್ಲಿ ಇದು ಬೇರೆ. ಅಷ್ಟರಲ್ಲಿ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಪಡೆಯುವ ಹಕ್ಕು ಹುಟ್ಟುತ್ತದೆ. ಅದು ತಾನಾಗಿ ಕೈಗೆ ಬರುವುದಿಲ್ಲ, ಅರ್ಜಿ ಹಾಕಬೇಕು. ಅರ್ಜಿ ಹಾಕುವ ಮೊದಲೇ ಪಟ್ಟಿ ಸಲ್ಲಿಕೆಯಾದರೆ ಆ ಹಕ್ಕು ಜಾರಿಹೋಗುತ್ತದೆ. ಕ್ಯಾಲೆಂಡರಿನಲ್ಲಿ ಮೊದಲ ರಿಮ್ಯಾಂಡಿನ ದಿನಾಂಕಕ್ಕೆ ಗುರುತು ಹಾಕಿ ದಿನ ಎಣಿಸುವ ಕೆಲಸವನ್ನು ಮನೆಯವರು ವಕೀಲರಿಗೇ ಬಿಟ್ಟುಬಿಡಬಾರದು.

ಏಳನೆಯ ಹಂತ: ಹೊರಬಂದ ನಂತರ ಠಾಣೆಯೊಡನೆ

ಜಾಮೀನಿನ ಷರತ್ತುಗಳಲ್ಲಿ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಠಾಣೆಗೆ ಹಾಜರಾಗಿ ಸಹಿ ಹಾಕಬೇಕೆಂಬುದು ಸಾಮಾನ್ಯ. ಆ ಸಹಿ ತಪ್ಪಿದರೆ ಜಾಮೀನು ರದ್ದತಿಗೆ ಅರ್ಜಿ ಬೀಳಬಹುದು. ಆದ್ದರಿಂದ ಹೋದ ದಿನ, ಸಮಯ, ಅಂದು ಹಾಜರಾತಿ ಪಡೆದ ಸಿಬ್ಬಂದಿಯ ಹೆಸರು ಇವನ್ನು ಬರೆದಿಟ್ಟುಕೊಳ್ಳಿ. ಕಾಯಿಲೆಯಿಂದ ಹೋಗಲಾಗದಿದ್ದರೆ ವೈದ್ಯರ ಪ್ರಮಾಣಪತ್ರದೊಡನೆ ಮುಂಚಿತವಾಗಿಯೇ ತಿಳಿಸಿ. ಷರತ್ತಿನಲ್ಲಿ ಇಲ್ಲದ ದಿನಗಳಲ್ಲಿಯೂ ಬಾಯಿಮಾತಿನಲ್ಲಿ ‘ಬಂದು ಹೋಗು’ ಎಂದು ಪದೇ ಪದೇ ಕರೆಯುತ್ತಿದ್ದರೆ, ಲಿಖಿತ ನೋಟಿಸ್ ಕೊಡುವಂತೆ ವಿನಯದಿಂದ ಕೇಳಬಹುದು. ಫಿರ್ಯಾದಿಯನ್ನಾಗಲಿ ಸಾಕ್ಷಿಗಳನ್ನಾಗಲಿ ರಾಜಿ ಮಾತಿಗೆಂದು ನೇರವಾಗಿ ಸಂಪರ್ಕಿಸುವುದು ಅಪಾಯಕಾರಿ. ಒಳ್ಳೆಯ ಉದ್ದೇಶದಿಂದ ಆಡಿದ ಮಾತೂ ಸಾಕ್ಷಿಗೆ ಬೆದರಿಕೆ ಎಂಬ ದೂರಾಗಿ ತಿರುಗಬಹುದು.

ಠಾಣೆಯಲ್ಲಿ ಅನ್ಯಾಯವಾಗಿದ್ದರೆ ದೂರಿಗೆ ಹಲವು ದಾರಿಗಳಿವೆ. ಲಿಖಿತ ದೂರನ್ನು ಎಸ್‌ಪಿ ಅಥವಾ ಆಯುಕ್ತರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಬಹುದು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದ ಫಲವಾಗಿ ಬಂದ ಪೊಲೀಸ್ ದೂರು ಪ್ರಾಧಿಕಾರ, ರಾಜ್ಯ ಮಾನವ ಹಕ್ಕುಗಳ ಆಯೋಗ ಇವೂ ಇವೆ. ಮಾನವ ಹಕ್ಕುಗಳ ಆಯೋಗ ಘಟನೆ ನಡೆದ ಒಂದು ವರ್ಷದ ನಂತರದ ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. 2020ರ ಡಿಸೆಂಬರ್‌ನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್, ಹಜಾರ, ಸ್ವಾಗತ ಸ್ಥಳ ಮುಂತಾದೆಡೆ ಸಿಸಿಟಿವಿ ಇರಬೇಕು, ಮುದ್ರಣವನ್ನು 18 ತಿಂಗಳು ಉಳಿಸಬೇಕು ಎಂದಿದೆ. ವಾಸ್ತವದಲ್ಲಿ ಕ್ಯಾಮೆರಾ ಕೆಟ್ಟಿತ್ತು, ದೃಶ್ಯ ಅಳಿಸಿಹೋಯಿತು ಎಂಬ ಉತ್ತರಗಳು ಅಪರೂಪವಲ್ಲ. ಆದ್ದರಿಂದ ದಿನಾಂಕ, ಗಂಟೆಗಳನ್ನು ನಿಖರವಾಗಿ ನಮೂದಿಸಿ ಆ ಅವಧಿಯ ದೃಶ್ಯಗಳನ್ನು ಕಾಯ್ದಿರಿಸುವಂತೆ ಮೊದಲ ವಾರದಲ್ಲಿಯೇ ಠಾಣಾಧಿಕಾರಿಗೆ ಲಿಖಿತವಾಗಿ ಕೇಳಿ, ಅದರ ಪ್ರತಿಯನ್ನು ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಗಮನಕ್ಕೂ ತರಬೇಕು. ಮಾಹಿತಿ ಹಕ್ಕು ಕಾಯ್ದೆಯಡಿಯೂ ಅರ್ಜಿ ಹಾಕಬಹುದು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕೆಂದು ಆ ಕಾಯ್ದೆ ಹೇಳುತ್ತದೆ. ಅರ್ಜಿಯ ಮೊದಲ ಸಾಲಿನಲ್ಲಿಯೇ ಇದು ವ್ಯಕ್ತಿ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು ಎಂದು ಬರೆಯದಿದ್ದರೆ ಅದು ಸಾಮಾನ್ಯ ಅರ್ಜಿಗಳ ರಾಶಿಯಲ್ಲಿ 30 ದಿನ ಕಾಯುತ್ತಾ ಕೂರುತ್ತದೆ.